ಡಾರ್ಟ್‌ಮೂರ್ ಕಲ್ಲುಗುಪ್ಪೆಗಳು: ಖಾಲಿ ಗೋರಿಯನ್ನು ಓದುವುದು ಹೇಗೆ?

ಇಂಗ್ಲೆಂಡಿನ ನೈಋತ್ಯಕ್ಕೆ, ಡೆವನ್‌ನಲ್ಲಿ, ಡಾರ್ಟ್‌ಮೂರ್ ಅಂತ ಒಂದು ಎತ್ತರದ ಬಯಲಿದೆ. ಮರ ಕಡಿಮೆ, ಹುಲ್ಲು, ಗಾಳಿ, ಮಳೆ ಜಾಸ್ತಿ. ಅಡಿಯಲ್ಲೆಲ್ಲ ಗ್ರಾನೈಟ್. ಕಂಚಿನ ಯುಗದ ಜನ ಇಲ್ಲಿ ನಾಲ್ಕು ಚಪ್ಪಡಿ ನಿಲ್ಲಿಸಿ ಪೆಟ್ಟಿಗೆ ಮಾಡಿ, ಸತ್ತವರನ್ನು ಅದರಲ್ಲಿಟ್ಟು, ಮೇಲೊಂದು ಚಪ್ಪಡಿ ಮುಚ್ಚುತ್ತಿದ್ದರು. ಸಾಮಾನ್ಯವಾಗಿ ಅದರ ಮೇಲೆ ಕಲ್ಲು ಗುಡ್ಡೆ ಹಾಕುತ್ತಿದ್ದರು. ಗುಡ್ಡೆ ಅಂದರೆ ಕೇರ್ನ್, ಒಳಗಿನ ಪೆಟ್ಟಿಗೆ ಸಿಸ್ಟ್. ಇವೆರಡನ್ನು ಕಲಸಬೇಡಿ. ಪೆಟ್ಟಿಗೆ ಚಿಕ್ಕದು, ಕಾಲು ಚಾಚಿ ಮಲಗಿಸಲು ಆಗುವುದಿಲ್ಲ. ಮಂಡಿ ಮಡಚಿದ ದೇಹ ಅಥವಾ ಸುಟ್ಟ ಮೂಳೆಗಷ್ಟೇ ಜಾಗ.

ಡಾರ್ಟ್‌ಮೂರ್‌ನಲ್ಲಿ ಇಂಥ ಪೆಟ್ಟಿಗೆಗಳು ಸುಮಾರು 200 ಸಿಕ್ಕಿವೆ. ಹೆಚ್ಚಿನವು ಖಾಲಿ. ನಿಧಿಯಾಸೆಗೆ ಅಗೆದವರು ಇದ್ದರು, ಬೇಲಿಗೋಡೆಗೆ ಕಲ್ಲು ಹೊತ್ತವರೂ ಇದ್ದರು. ಆದರೆ ದೊಡ್ಡ ಕಳ್ಳ ಮಣ್ಣೇ. ಅಲ್ಲಿನ ಮಣ್ಣು ಹುಳಿ, ಮೂಳೆಯ ಸುಣ್ಣವನ್ನು ಕರಗಿಸಿಬಿಡುತ್ತದೆ. ಬಟ್ಟೆ, ಮರ ಕೊಳೆತು ಹೋಗುತ್ತವೆ. ಹಾಗಾಗಿ "ಏನೂ ಸಿಗಲಿಲ್ಲ" ಅಂದರೆ "ಏನೂ ಇಟ್ಟಿರಲಿಲ್ಲ" ಅಂತ ಅರ್ಥವಲ್ಲ.

ಇದಕ್ಕೆ ಪುರಾವೆ ಡಾರ್ಟ್‌ಮೂರ್‌ನ ವೈಟ್‌ಹಾರ್ಸ್ ಹಿಲ್. ಸುಮಾರು 600 ಮೀಟರ್ ಎತ್ತರದ ಬೋಳು ಗುಡ್ಡ. ಇಲ್ಲಿನ ಪೆಟ್ಟಿಗೆ ಪೀಟ್ ದಿಬ್ಬದೊಳಗೆ ಹುದುಗಿತ್ತು. ಪೀಟ್ ಅಂದರೆ ನೀರು ನಿಂತ ಜಾಗದಲ್ಲಿ ಅರ್ಧ ಕೊಳೆತ ಗಿಡಗಳು ಸಾವಿರಾರು ವರ್ಷ ಪದರಪದರವಾಗಿ ಕೂತ ಕಪ್ಪು ಮಣ್ಣು. ಒಳಗೆ ಗಾಳಿಯಾಡದ ಕಾರಣ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಕೆಲಸವಿಲ್ಲ. ದಿಬ್ಬ ಸವೆದು ಪೆಟ್ಟಿಗೆ ಹೊರಗೆ ಕಂಡಿತ್ತು, ಒಣಗಿದರೆ ಹಾಳಾಗುತ್ತದೆ ಅಂತ 2011ರಲ್ಲಿ ಅಗೆದರು.

ಒಳಗೆ ಕರಡಿಯ ತೊಗಲಿನಲ್ಲಿ ಸುತ್ತಿದ ಸುಟ್ಟ ಮೂಳೆ. 15ರಿಂದ 25 ವರ್ಷದೊಳಗಿನ ವ್ಯಕ್ತಿ. ಗಂಡೋ ಹೆಣ್ಣೋ ಮೂಳೆಯಿಂದ ಗೊತ್ತಾಗಲಿಲ್ಲ. ಕಾಲ ಕ್ರಿ.ಪೂ. 1700ರ ಆಸುಪಾಸು. ನನಗೆ ತುಂಬಾ ಹಿಡಿಸಿದ್ದು ಬುಟ್ಟಿ: ಮರದ ತೊಗಟೆಯ ನಾರನ್ನು ಸಿಂಬೆಯ ಹಾಗೆ ಸುತ್ತಿ ಮಾಡಿದ್ದು, ಅಂಚಿಗೆ ದನದ ಕೂದಲಿನ ಹೊಲಿಗೆ. ಅದರಲ್ಲಿ 200ಕ್ಕೂ ಹೆಚ್ಚು ಮಣಿಗಳು, ಹೆಚ್ಚಿನವು ಶೇಲ್ ಎಂಬ ಪದರಗಲ್ಲಿನವು ಮತ್ತು ಜೇಡಿಮಣ್ಣಿನವು, ಕೆಲವು ಅಂಬರ್ (ಕಲ್ಲಾದ ಮರದ ಅಂಟು), ಒಂದು ತವರ. ದನದ ಕೂದಲು ಹೆಣೆದು ತವರದ ಗುಂಡಿ ಕೂರಿಸಿದ ಕೈಪಟ್ಟಿ, ಕಿವಿಗೆ ಹಾಕುವಂಥ ಮರದ ಬಿಲ್ಲೆಗಳು ಕೂಡ ಇದ್ದವು. ತುರಚೆ ನಾರಿನ ಬಟ್ಟೆಗೆ ಕರುವಿನ ಚರ್ಮದ ತ್ರಿಕೋನಗಳನ್ನು ಹೊಲಿದ ಒಂದು ಉಡುಗೆಯ ಚೂರೂ ಸಿಕ್ಕಿತು. ಎಂಥ ಕುಸುರಿ ನೋಡಿ!

ಈಗ ಪೀಟ್ ಇರಲಿಲ್ಲ ಅಂತ ಇಟ್ಟುಕೊಳ್ಳಿ. ಬುಟ್ಟಿ, ತೊಗಲು, ಬಟ್ಟೆ, ಕೂದಲು ಎಲ್ಲ ಹೋಗಿರುತ್ತಿತ್ತು. ಉಳಿಯುತ್ತಿದ್ದದ್ದು ಒಂದಿಷ್ಟು ಸುಟ್ಟ ಮೂಳೆ ಚೂರು, ಮಣಿ, ಒಂದು ಚಕಮಕಿ ಚಕ್ಕೆ. ನಾವು "ಸಾಧಾರಣ ಗೋರಿ" ಅಂತ ಬರೆದು ಮುಂದೆ ಹೋಗುತ್ತಿದ್ದೆವು, ಅಲ್ವಾ?

ಕರ್ನಾಟಕದ ನಂಟೂ ಒಂದಿದೆ. 19ನೇ ಶತಮಾನದ ನಡುವೆ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಆ ಸೀಮೆಯ ಕಲ್ಲುಗುಪ್ಪೆಗಳನ್ನು ಅಗೆದು ನೋಡಿದ. ಬ್ರಿಟನ್ನಿನ ಗೋರಿಗಳ ಹಾಗೇ ಕಂಡದ್ದರಿಂದ ಎರಡಕ್ಕೂ ಒಂದೇ ಮೂಲ ಹುಡುಕಿದ. ಆದರೆ ನಮ್ಮವು ಬಹುಪಾಲು ಕಬ್ಬಿಣ ಯುಗದವು, ವೈಟ್‌ಹಾರ್ಸ್‌ಗಿಂತ ನೂರಾರು ವರ್ಷ ಈಚಿನವು. ಚಪ್ಪಡಿ ಸಿಗುವ ಕಡೆ ಚಪ್ಪಡಿಯಲ್ಲಿ ಗೋರಿ ಕಟ್ಟುವುದು ಯಾರಿಗೆ ಬೇಕಾದರೂ ಹೊಳೆಯುತ್ತದೆ.