ಪದ ಪರಿಚಯ: ಫಲಿತಾಂಶ (ಹೃದಯ ಚಿಕಿತ್ಸೆಯಲ್ಲಿ)

‘ಸ್ಟೆಂಟ್ ಹಾಕಿದ್ರು, ಮೂರನೇ ದಿನಕ್ಕೆ ಮನೆಗೆ ಬಂದ್ರು, ಫಲಿತಾಂಶ ಬೈಪಾಸ್‌ಗಿಂತ ಚೆನ್ನಾಗಿದೆ.’ ಮನೆಮಾತಿನಲ್ಲಿ ಇದ್ದರೆ ಇರಲಿ, ಆರೋಗ್ಯ ಲೇಖನಗಳಲ್ಲೂ ಇದೇ ಧಾಟಿ. ಬೇಗ ಮನೆಗೆ ಬಂದದ್ದನ್ನು ಫಲಿತಾಂಶ ಎನ್ನುವುದು ಇನ್ನಾದರೂ ನಿಲ್ಲಬೇಕು.

‘ಫಲಿತ’ ಎಂದರೆ ಫಲಗೊಂಡದ್ದು, ‘ಅಂಶ’ ಎಂದರೆ ಪಾಲು. ಫಲ ಕಟ್ಟಲು ಕಾಲ ಬೇಕು ಎಂಬುದು ಪದದೊಳಗೇ ಇದೆ. ಎಸ್ಸೆಸ್ಸೆಲ್ಸಿಗೂ ಚುನಾವಣೆಗೂ ಬಳಸಿ ಬಳಸಿ, ಒಂದು ದಿನ ಪ್ರಕಟವಾಗಿ ಮುಗಿಯುವುದು ಎಂಬ ಅರ್ಥವೇ ಗಟ್ಟಿಯಾಯಿತು. ತೊಡಕು ಇಲ್ಲಿಯದೇ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಟಿಮಿ-3 ಫ್ಲೋ’ ಎಂದಿದ್ದರೆ, ಸ್ಟೆಂಟ್ ಹಾಕಿದ ನಾಳದಲ್ಲಿ ಆ ಹೊತ್ತಿಗೆ ರಕ್ತ ಸರಾಗವಾಗಿ ಹರಿಯಿತು ಎಂದಷ್ಟೇ ಅರ್ಥ. ಎರಡು ಚಿಕಿತ್ಸೆಗಳನ್ನು ಹೋಲಿಸುವಾಗ ವೈದ್ಯರು ವರ್ಷಗಟ್ಟಲೆ ಕಾದು ಎಣಿಸುತ್ತಾರೆ: ಎಷ್ಟು ಮಂದಿ ತೀರಿಕೊಂಡರು, ಎಷ್ಟು ಮಂದಿಗೆ ಹೃದಯಾಘಾತವಾಯಿತು, ಎಷ್ಟು ಮಂದಿಗೆ ಲಕ್ವ ಹೊಡೆಯಿತು, ಎಷ್ಟು ಮಂದಿ ಮತ್ತೆ ಸ್ಟೆಂಟಿಗೋ ಆಪರೇಷನ್ನಿಗೋ ಬಂದರು.

ಈ ನಾಲ್ಕನ್ನೂ ಕೂಡಿಸಿ ಒಂದೇ ಅಂಕಿ ಕೊಡುವ ರೂಢಿಯಿದೆ. ಅದನ್ನು ಬಿಡಿಸದೆ ಓದುವವರ ಮೇಲೂ ನನಗೆ ತಕರಾರಿದೆ. ಮೂರು ನಾಳಗಳಲ್ಲೋ ಎಡ ಮುಖ್ಯ ನಾಳದಲ್ಲೋ ಬ್ಲಾಕ್ ಇದ್ದ 1800 ಮಂದಿಯ ‘ಸಿಂಟ್ಯಾಕ್ಸ್’ ಅಧ್ಯಯನ (2009) ನೋಡಿ. ಒಂದು ವರ್ಷಕ್ಕೆ ಒಟ್ಟು ಅಂಕಿ ಸ್ಟೆಂಟಿನವರಲ್ಲಿ ಶೇ 17.8, ಬೈಪಾಸಿನವರಲ್ಲಿ ಶೇ 12.4. ‘ಸ್ಟೆಂಟಿನಿಂದ ಸಾವು ಹೆಚ್ಚು’ ಎಂದು ಬರೆಯಲು ಇಷ್ಟು ಸಾಕೇ? ಅಂತರ ಹುಟ್ಟಿದ್ದು ಮುಖ್ಯವಾಗಿ ಮರುಚಿಕಿತ್ಸೆಯಿಂದ: ಶೇ 13.5 ಮತ್ತು 5.9. ಲಕ್ವದಲ್ಲಿ ಲೆಕ್ಕ ತಿರುಗುಮುರುಗು, ಸ್ಟೆಂಟಿನವರಲ್ಲಿ 0.6, ಬೈಪಾಸಿನವರಲ್ಲಿ 2.2.

ಸಕ್ಕರೆ ಕಾಯಿಲೆಯವರ ಮಾತು ಬೇರೆ, ಮನೆಮನೆಯಲ್ಲೂ ಶುಗರ್ ಇರುವ ನಮ್ಮಲ್ಲಿ ಇದನ್ನು ಒತ್ತಿ ಹೇಳಬೇಕು. ಹಲವು ನಾಳಗಳಲ್ಲಿ ಬ್ಲಾಕ್ ಇದ್ದ 1900 ಮಧುಮೇಹಿಗಳ ‘ಫ್ರೀಡಂ’ ಅಧ್ಯಯನದಲ್ಲಿ (2012) ಐದು ವರ್ಷಕ್ಕೆ ಸಾವೇ ಶೇ 16.3 ಮತ್ತು 10.9, ಬೈಪಾಸಿನವರಲ್ಲಿ ಕಡಿಮೆ. ಲಕ್ವ ಮಾತ್ರ ಇಲ್ಲೂ ಅವರಲ್ಲೇ ಹೆಚ್ಚು. ಸ್ಟೆಂಟ್ ತಾನಿರುವ ಜಾಗವನ್ನಷ್ಟೇ ತೆರೆದಿಡುತ್ತದೆ. ಬೈಪಾಸಿನ ಹೊಸ ನಾಳ ಬ್ಲಾಕಿನಾಚೆಗೆ ಸೇರುವುದರಿಂದ, ಮೇಲ್ಭಾಗದಲ್ಲಿ ಮುಂದೆ ಇನ್ನೊಂದು ಬ್ಲಾಕ್ ಕಟ್ಟಿದರೂ ರಕ್ತಕ್ಕೆ ದಾರಿ ಇರುತ್ತದೆ.

ಹೃದಯಾಘಾತವಾದವರಿಗೆ ತಕ್ಷಣ ಹಾಕುವ ಸ್ಟೆಂಟಿಗೆ ಈ ಅಂಕಿಗಳನ್ನು ಎಳೆದು ತರಬೇಡಿ. ಅಲ್ಲಿ ನಾಳ ಎಷ್ಟು ಬೇಗ ತೆರೆಯಿತು ಎಂಬುದೇ ಮುಖ್ಯ.