ಬೆಂಚ್ ಕಾಯ್ದವರ ಕಷ್ಟ ಬಲ್ಲ ಕೋಚ್

ದೊಡ್ಡ ಆಟಗಾರರು ಒಳ್ಳೆಯ ಕೋಚ್ ಆಗ್ತಾರಾ? ಕೋಚಿಂಗ್ ಕೆಲಸದಲ್ಲಿರುವ ನಮಗೆ ಈ ಪ್ರಶ್ನೆ ಜಾಸ್ತಿ ಬರುತ್ತದೆ. ರನ್ ಪಟ್ಟಿ ನೋಡಿ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ರಾಹುಲ್ ದ್ರಾವಿಡ್ 164 ಟೆಸ್ಟ್‌ಗಳಲ್ಲಿ 13,288 ರನ್ ಗಳಿಸಿದರು, ಸರಿ. ಆದರೆ ಅವರ ಕೋಚಿಂಗ್ ಅರ್ಥವಾಗಬೇಕಾದರೆ, ತಂಡಕ್ಕಾಗಿ ಅವರು ಎಷ್ಟು ಸಲ ಜಾಗ ಬದಲಿಸಿದರು ಅಂತ ನೋಡಬೇಕು.

1998ರಲ್ಲಿ ನಿಧಾನವಾಗಿ ಆಡ್ತಾರೆ ಅಂತ ಏಕದಿನ ತಂಡದಿಂದ ಅವರನ್ನು ಕೈಬಿಟ್ಟರು. ಮರುವರ್ಷದ ವಿಶ್ವಕಪ್‌ನಲ್ಲಿ 461 ರನ್ ಹೊಡೆದರು, ಆ ಟೂರ್ನಿಯಲ್ಲಿ ಅದೇ ಅತಿ ಹೆಚ್ಚು. 2001ರ ಕೋಲ್ಕತ್ತ ಟೆಸ್ಟ್‌ನಲ್ಲಿ ಲಕ್ಷ್ಮಣ್ ಮೂರನೇ ಕ್ರಮಾಂಕಕ್ಕೆ ಬಂದರು, ದ್ರಾವಿಡ್ ಆರಕ್ಕೆ ಇಳಿದರು. ಇಬ್ಬರೂ ಸೇರಿ 376 ರನ್ ಪೇರಿಸಿದರು. ಲಕ್ಷ್ಮಣ್ ಅವರ 281 ಎಲ್ಲರಿಗೂ ನೆನಪಿದೆ, ಇವರ 180 ಅಷ್ಟಾಗಿ ನೆನಪಿಲ್ಲ. ತಂಡಕ್ಕೆ ಒಬ್ಬ ಹೆಚ್ಚುವರಿ ಬ್ಯಾಟರ್ ಸಿಗಲಿ ಅಂತ 2003ರ ವಿಶ್ವಕಪ್‌ನಲ್ಲಿ ಕೀಪಿಂಗ್ ಕೂಡ ಮಾಡಿದರು. 2011ರಲ್ಲಿ, 38ರ ವಯಸ್ಸಿನಲ್ಲಿ, ಇಂಗ್ಲೆಂಡ್‌ನ ಓವಲ್‌ನಲ್ಲಿ ಓಪನಿಂಗ್ ಬಂದು ಔಟಾಗದೆ 146 ಗಳಿಸಿದರು. ಫಾಲೋಆನ್ ಬಿತ್ತು, ಅಂದರೆ ಭಾರತ ತಕ್ಷಣವೇ ಎರಡನೇ ಸಲ ಬ್ಯಾಟ್ ಮಾಡಬೇಕಾಯಿತು; ಮತ್ತೆ ಪ್ಯಾಡ್ ಕಟ್ಟಿಕೊಂಡು ಅವರೇ ಹೊರಟರು!

2015ರಲ್ಲಿ ಭಾರತ 'ಎ' (ಹಿರಿಯರ ತಂಡದ ಬಾಗಿಲಲ್ಲಿ ಕಾಯುವವರ ತಂಡ) ಮತ್ತು 19 ವರ್ಷದೊಳಗಿನವರ ತಂಡಗಳು ಅವರ ಕೈಗೆ ಬಂದವು. ಅಲ್ಲಿ ಅವರ ಒಂದು ಕಟ್ಟುನಿಟ್ಟು: 'ಎ' ತಂಡದ ಪ್ರವಾಸಕ್ಕೆ ಬಂದ ಯಾರೂ ಒಂದಾದರೂ ಪಂದ್ಯ ಆಡದೆ ವಾಪಸ್ ಹೋಗಬಾರದು. ತಾನೂ ಹಾಗೆ ಹೋಗಿ ಸುಮ್ನೆ ಕೂತು ಬಂದವನೇ ಎಂದು ಅವರೇ ಹೇಳಿಕೊಂಡಿದ್ದಾರೆ. ಇದು ದೊಡ್ಡ ಮನಸ್ಸಿನ ಮಾತು ಮಾತ್ರ ಅಲ್ಲ, ಕೋಚಿಂಗ್ ಲೆಕ್ಕವೂ ಹೌದು. ದೇಶಿ ಸೀಸನ್‌ನಲ್ಲಿ ಕಷ್ಟಪಟ್ಟು ರನ್ ಹೊಡೆದು ಆಯ್ಕೆಯಾದ ಹುಡುಗ ಬೆಂಚ್ ಮೇಲೆ ಕೂತರೆ, ಆಯ್ಕೆದಾರರಿಗೆ ಅವನ ಬಗ್ಗೆ ಹೊಸದೇನೂ ಗೊತ್ತಾಗುವುದಿಲ್ಲ. ಮುಂದಿನ ಸೀಸನ್‌ನಲ್ಲಿ ಅವನು ಮತ್ತೆ ಮೊದಲಿನಿಂದ ಶುರು ಮಾಡಬೇಕು. ನೆಟ್ಸ್‌ನಲ್ಲಿ ಎಷ್ಟು ಚೆನ್ನಾಗಿ ಆಡಿದರೂ ಅದು ಸ್ಕೋರ್‌ಬೋರ್ಡ್ ಸೇರುವುದಿಲ್ಲ, ಅಲ್ವಾ? ಸಿಗುವುದು ಒಂದೇ ಅವಕಾಶ ಅಂತ ಗೊತ್ತಿದ್ದವನು ರನ್ ಹುಡುಕುವುದು ಬಿಟ್ಟು ಔಟಾಗದಿರಲು ಒದ್ದಾಡುತ್ತಾನೆ. ಆ ಭಯ ಮೊದಲು ಅವನ ಕಾಲಲ್ಲಿ ಕಾಣುತ್ತದೆ, ಹೆಜ್ಜೆ ಮುಂದಕ್ಕೆ ಬರುವುದೇ ಇಲ್ಲ.

2018ರ ಕಿರಿಯರ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ 20 ಲಕ್ಷ ರೂಪಾಯಿ ಘೋಷಿಸಿತು. ಎಲ್ಲರಿಗೂ ಸಮ ಇರಲಿ ಅಂತ ಅವರು ಕೇಳಿದರು, ಕೊನೆಗೆ ತಲಾ 25 ಲಕ್ಷ ಆಯಿತು. ಥ್ರೋಡೌನ್ ಹಾಕಿ, ಅಂದರೆ ಅಭ್ಯಾಸದಲ್ಲಿ ಬ್ಯಾಟರ್‌ಗೆ ಚೆಂಡು ಎಸೆದು ಎಸೆದು, ಭುಜ ನೋಯಿಸಿಕೊಳ್ಳುವವರಿಗೆ ಇದರ ಬೆಲೆ ಗೊತ್ತು.

2021ರ ನವೆಂಬರ್‌ನಲ್ಲಿ ಹಿರಿಯರ ತಂಡದ ಹೊಣೆ ಬಂತು. ಅಲ್ಲಿ ಎಲ್ಲವೂ ಸಲೀಸಾಗಿರಲಿಲ್ಲ. 2022ರ ಟಿ20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು ಹತ್ತು ವಿಕೆಟ್ ಸೋಲು. ಅಂದು ಆರಂಭದ ಓವರ್‌ಗಳಲ್ಲಿ ನಮ್ಮ ಬ್ಯಾಟಿಂಗ್ ಹಳೇ ಕಾಲದ್ದಾಗಿತ್ತು. ಅದನ್ನು ಇನ್ನೂ ಬೇಗ ಬದಲಿಸಬಹುದಿತ್ತು ಅಂತಲೇ ನನ್ನ ಅನಿಸಿಕೆ. 2023ರಲ್ಲಿ ಎರಡು ಫೈನಲ್‌ಗಳು ಆಸ್ಟ್ರೇಲಿಯಾದ ಪಾಲಾದವು.

2024ರ ಟಿ20 ವಿಶ್ವಕಪ್‌ನಲ್ಲಿ ವಿರಾಟ್ ಕೊಹ್ಲಿ ಫೈನಲ್‌ಗೆ ಮೊದಲು ಏಳು ಇನಿಂಗ್ಸ್‌ಗಳಲ್ಲಿ ಗಳಿಸಿದ್ದು ಬರೀ 75 ರನ್. ಕ್ರಮಾಂಕ ಬದಲಿಸಿ ಅನ್ನುವ ಗಲಾಟೆ ಜೋರಾಗಿತ್ತು. ದ್ರಾವಿಡ್ ಮತ್ತು ನಾಯಕ ರೋಹಿತ್ ಅಲುಗಾಡಲಿಲ್ಲ. ಬಾರ್ಬಡೋಸ್‌ನ ಫೈನಲ್‌ನಲ್ಲಿ ಕೊಹ್ಲಿ ಓಪನರ್ ಆಗಿಯೇ ಬಂದು 76 ಹೊಡೆದರು. ಭಾರತ ಏಳು ರನ್‌ಗಳಿಂದ ಗೆದ್ದಿತು.