ಮಸ್ಕ್ಯುಲರ್ ಡಿಸ್ಟ್ರೋಫಿ ಇರುವ ಹುಡುಗರ ಮೂಳೆ: ನೋವು ಬರುವ ಮೊದಲೇ ನೋಡಬೇಕು

ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಸ್ನಾಯು ಸವೆಯುವ ಕಾಯಿಲೆ ಇರುವ ಹುಡುಗ. ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಬಿದ್ದಿಲ್ಲ, ಬೆನ್ನು ನೋಯುತ್ತದೆ ಎಂದೂ ಹೇಳಿಲ್ಲ. ಹಾಗಿದ್ದರೂ ಅವನ ಬೆನ್ನುಮೂಳೆಯ ಒಂದೆರಡು ಎಲುಬು ಆಗಲೇ ಕುಸಿದಿರಬಹುದು. ಇಂಥ ಮುರಿತ ಎಷ್ಟೋ ಸಲ ಸದ್ದಿಲ್ಲದೆ ಆಗುತ್ತದೆ. ಅದಕ್ಕೇ 'ನೋವಿಲ್ಲ ಅಲ್ವಾ, ಪರೀಕ್ಷೆ ಯಾಕೆ?' ಎಂದು ಸುಮ್ಮನಿರುವುದು ಅಪಾಯ.

ಈ ಕಾಯಿಲೆಯ ಮೂಲ ಎಕ್ಸ್ ಕ್ರೋಮೋಸೋಮಿನಲ್ಲಿರುವ ಜೀನ್. ಹಾಗಾಗಿ ಹೆಚ್ಚಾಗಿ ಗಂಡುಮಕ್ಕಳಿಗೇ ಬರುತ್ತದೆ. ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇಲ್ಲದೆ ಸ್ನಾಯುಗಳು ಸವೆಯುತ್ತಾ ಹೋಗುತ್ತವೆ. ಮೂಳೆ ಗಟ್ಟಿಯಾಗುವುದೇ ಸ್ನಾಯು ಎಳೆದಾಗ, ಮೈಭಾರ ಬಿದ್ದಾಗ. ಆ ಎಳೆತ ಕಡಿಮೆಯಾದರೆ ಮೂಳೆಯೂ ಸೊರಗುತ್ತದೆ. ಪ್ರೆಡ್ನಿಸೊಲೋನ್, ಡಿಫ್ಲಜಕಾರ್ಟ್‌ನಂಥ ಸ್ಟಿರಾಯ್ಡ್‌ಗಳು ಹೊಸ ಮೂಳೆ ಕಟ್ಟುವ ಕೆಲಸವನ್ನೂ ನಿಧಾನ ಮಾಡುತ್ತವೆ. ಪ್ರೌಢಾವಸ್ಥೆಯನ್ನು ತಡಮಾಡುವುದರಿಂದ ಮೂಳೆಗೆ ಬೇಕಾದ ಹಾರ್ಮೋನೂ ಸಮಯಕ್ಕೆ ಸಿಗುವುದಿಲ್ಲ. ಹಾಗೆಂದು ಈ ಮಾತ್ರೆ ನಿಲ್ಲಿಸುವ ಮಾತಲ್ಲ. ಹುಡುಗ ಇನ್ನಷ್ಟು ವರ್ಷ ನಡೆಯುವುದು ಇವುಗಳಿಂದಲೇ, ಉಸಿರಾಟದ ಶಕ್ತಿ ಉಳಿಯುವುದೂ ಇವುಗಳಿಂದಲೇ. ದಿಢೀರನೆ ಬಿಟ್ಟರಂತೂ ಜೀವಕ್ಕೇ ಅಪಾಯ.

ಮೂಳೆ ಪರೀಕ್ಷೆ ಎಂದರೆ ಎಲ್ಲರಿಗೂ ನೆನಪಾಗುವುದು ಡೆಕ್ಸಾ ಸ್ಕ್ಯಾನ್, ಅಂದರೆ ಎಕ್ಸ್‌-ರೇಯಿಂದ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ. ವಿಕಿರಣ ತೀರಾ ಕಡಿಮೆ, ನೋವಿಲ್ಲ. ಆದರೆ ಅದರ ರಿಪೋರ್ಟ್ ಓದುವಾಗ ಎಚ್ಚರ ಬೇಕು. ಟಿ-ಸ್ಕೋರ್ ಹೋಲಿಸುವುದು ಆರೋಗ್ಯವಂತ ಯುವಜನರ ಮೂಳೆಯ ಜೊತೆ. ಬೆಳೆಯುವ ಹುಡುಗನಿಗೆ ಅದು ಅನ್ವಯಿಸುವುದಿಲ್ಲ. ಅವನದೇ ವಯಸ್ಸಿನ ಹುಡುಗರ ಜೊತೆ ಹೋಲಿಸುವ ಝಡ್-ಸ್ಕೋರ್ ನೋಡಬೇಕು. ಅಲ್ಲೂ ಒಂದು ತೊಡಕಿದೆ. ಡೆಕ್ಸಾ ಮೂಳೆಯ ಖನಿಜಾಂಶವನ್ನು ಲೆಕ್ಕ ಹಾಕುವುದು ಅದರ ಅಗಲ-ಉದ್ದದ ಮೇಲೆ, ದಪ್ಪ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಸಣ್ಣ ಮೂಳೆ ನಿಜಕ್ಕಿಂತ ದುರ್ಬಲವಾಗಿ ಕಾಣುತ್ತದೆ. ಸ್ಟಿರಾಯ್ಡ್‌ನಿಂದ ಈ ಹುಡುಗರ ಎತ್ತರ ಕಡಿಮೆ ಇರುತ್ತದಲ್ಲ, ಅದಕ್ಕೆ ತಕ್ಕಂತೆ ಲೆಕ್ಕ ಸರಿಪಡಿಸಿದ್ದಾರಾ ಎಂದು ಕೇಳಿ. ಬೆನ್ನಿಗೆ ಲೋಹದ ಸರಳು ಹಾಕಿದ್ದರೆ ಸೊಂಟದ ಭಾಗದ ಬೆನ್ನುಮೂಳೆಯ ಅಳತೆ ನಂಬುವಂತಿಲ್ಲ. ಆಗ ಮೊಣಕಾಲಿನ ಹತ್ತಿರದ ತೊಡೆಮೂಳೆಯನ್ನು ಪಕ್ಕದಿಂದ ಅಳೆಯಬಹುದು.

ಇಷ್ಟೆಲ್ಲ ಸರಿಯಾಗಿದ್ದು, ಅಂಕಿ ಚೆನ್ನಾಗಿ ಬಂದರೂ ಬೆನ್ನೆಲುಬು ಮುರಿದಿರಬಹುದು. ಬೆನ್ನೆಲುಬಿನ ಒಳಗಿರುವುದು ಹೆಚ್ಚಾಗಿ ಸ್ಪಂಜಿನಂಥ ಮೂಳೆ. ಸ್ಟಿರಾಯ್ಡ್ ಮೊದಲು ಕಾಡುವುದೂ ಅದನ್ನೇ. ನನ್ನ ಪ್ರಕಾರ ಅತಿ ಮುಖ್ಯವಾದ ಪರೀಕ್ಷೆ ತೀರಾ ಸರಳವಾದದ್ದು: ಬೆನ್ನುಮೂಳೆಯನ್ನು ಪಕ್ಕದಿಂದ ತೆಗೆದ ಎಕ್ಸ್‌-ರೇ. ಒಂದು ಎಲುಬಿನ ಎತ್ತರ ಸುಮಾರು 20% ಕುಗ್ಗಿದ್ದರೆ ಅದು ಮುರಿತವೇ. ಈ ಕಾಯಿಲೆಯ ಆರೈಕೆ ಕುರಿತ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರತಿ ವರ್ಷ ಡೆಕ್ಸಾ ಮಾಡಿಸಲು ಹೇಳುತ್ತದೆ. ಜೊತೆಗೆ ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ 1-2 ವರ್ಷಕ್ಕೊಮ್ಮೆ, ಉಳಿದವರಿಗೆ 2-3 ವರ್ಷಕ್ಕೊಮ್ಮೆ ಈ ಎಕ್ಸ್‌-ರೇ. ಬೆನ್ನು ನೋವು ಬಂದರೆ ಅಷ್ಟು ದಿನವೂ ಕಾಯಬಾರದು.

ಯಾಕಿಷ್ಟು ಆತುರ? ಒಂದು ಎಲುಬು ಕುಸಿದರೆ ಇನ್ನೊಂದು ಕುಸಿಯುವ ಸಾಧ್ಯತೆ ಜಾಸ್ತಿ. ಬೇಗ ಗೊತ್ತಾದರೆ ಮೂಳೆ ಕರಗುವುದನ್ನು ತಡೆಯುವ ಬಿಸ್ಫಾಸ್ಫೊನೇಟ್ ಔಷಧವನ್ನು ರಕ್ತನಾಳದ ಮೂಲಕ ಕೊಡಬಹುದು. ಮೊದಲ ಡೋಸ್‌ಗೆ ಜ್ವರ ಬರಬಹುದು, ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಬಹುದು. ಅದಕ್ಕೇ ಮೊದಲು ವಿಟಮಿನ್ ಡಿ, ಕ್ಯಾಲ್ಸಿಯಂ ಮಟ್ಟ ನೋಡುತ್ತಾರೆ.

ಕೈಕಾಲಿನ ಮೂಳೆ ಮುರಿದರೆ ಕತೆಯೇ ಬೇರೆ. ನಡೆಯುತ್ತಿದ್ದ ಹುಡುಗ ಕೆಲವು ವಾರ ಮಲಗಿದರೆ ಮತ್ತೆ ಏಳದೇ ಹೋಗಬಹುದು. ಮನೆಯವರು, ಶಾಲೆಯವರು ತಿಳಿದಿರಲೇಬೇಕಾದ ಇನ್ನೊಂದು ವಿಷಯ: ಬಿದ್ದ ಮೇಲೆ ಉಸಿರು ಕಟ್ಟಿದಂತಾದರೆ, ಮಂಕಾದರೆ, ಮಾತು ತಡವರಿಸಿದರೆ ಅದು ಮೂಳೆಯೊಳಗಿನ ಕೊಬ್ಬು ರಕ್ತಕ್ಕೆ ಸೇರಿದ ಲಕ್ಷಣ ಆಗಿರಬಹುದು. ಮುರಿತ ಕಾಣದಿದ್ದರೂ ತಕ್ಷಣ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ. ಅವನು ದಿನಾ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಾನೆ ಎಂಬುದನ್ನು ಅಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ. ಅಂಥ ಹೊತ್ತಿನಲ್ಲಿ ಅವನಿಗೆ ಹೆಚ್ಚಿನ ಡೋಸ್ ಬೇಕಾಗಬಹುದು.